ಸಾಕಿದ ಆಮೆಗೆ ಯಾವ ಸೊಪ್ಪು, ಎಷ್ಟು, ಹೇಗೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಸಂತೆಯಿಂದ ಪಾಲಕದ ಸೂಡು ತಂದು ಮುಂದಿಟ್ಟರೆ ನೆಲದ ಆಮೆ ಬೇಡ ಅನ್ನುವುದಿಲ್ಲ. ಟೊಮ್ಯಾಟೊ, ಬಾಳೆಹಣ್ಣು, ಅನ್ನ, ರೊಟ್ಟಿ ಏನು ಕೊಟ್ಟರೂ ಬಾಯಿ ಹಾಕುತ್ತದೆ. ತಿಂದಿತೆಂದ ಮಾತ್ರಕ್ಕೆ ಅದು ಒಗ್ಗಿತು ಎಂದು ತಿಳಿಯಬಾರದು. ತಪ್ಪು ಮೇವಿನ ಪರಿಣಾಮ ಹೊರಗೆ ಕಾಣಲು ತಿಂಗಳುಗಟ್ಟಲೆ ಬೇಕು. ಕಾಣುವ ಹೊತ್ತಿಗೆ ಚಿಪ್ಪು ಉಬ್ಬು ತಗ್ಗಾಗಿರುತ್ತದೆ, ಒಮ್ಮೆ ಹಾಗಾದ ಚಿಪ್ಪು ಮತ್ತೆ ನಯವಾಗುವುದಿಲ್ಲ. ಆದ್ದರಿಂದ ಮೇವಿನ ವಿಷಯವನ್ನು ಮೊದಲ ದಿನದಿಂದಲೇ ಸರಿಯಾಗಿ ಹಿಡಿಯಬೇಕು.

ಮುಖ್ಯ ಮಾತು ಎರಡೇ. ಹುಲ್ಲೇ ಊಟ, ಸೊಪ್ಪು ಅದರ ಜೊತೆಗಿನ ಪಲ್ಯ. ಮತ್ತೆ, ಯಾವ ಎಲೆ ಎಂಬುದರಷ್ಟೇ ಆ ಎಲೆ ಎಲ್ಲಿ ಬೆಳೆದದ್ದು ಎಂಬುದೂ ಮುಖ್ಯ. ದ್ರಾಕ್ಷಿ, ಕಬ್ಬು, ಕಾಯಿಪಲ್ಯ ಬೆಳೆಯುವ ನಮ್ಮ ಸೀಮೆಯಲ್ಲಿ ಈ ಎರಡನೆಯದನ್ನು ಮರೆತರೆ ಮೊದಲನೆಯದನ್ನು ಪಾಲಿಸಿಯೂ ಉಪಯೋಗವಿಲ್ಲ.

ಮೊದಲು ನಿಮ್ಮಲ್ಲಿರುವ ಆಮೆ ಯಾವುದೆಂದು ನೋಡಿ

ಇಲ್ಲಿ ಹೇಳಿರುವ ಮೇವು ಮುಖ್ಯವಾಗಿ ಸಲ್ಕಾಟಾ ಆಮೆಗೆ. ಅದು ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಒಣ ಹುಲ್ಲುಗಾವಲಿನ ಪ್ರಾಣಿ. ಲೆಪರ್ಡ್ ಆಮೆಗೂ ಇದೇ ಕ್ರಮ ಹೊಂದುತ್ತದೆ. ದಕ್ಷಿಣ ಅಮೆರಿಕದ ರೆಡ್ ಫುಟ್ ಆಮೆ ಕಾಡಿನದು, ಹಣ್ಣು ಅದರ ಆಹಾರದ ಭಾಗವೇ ಆಗಿರುವುದರಿಂದ ಈ ಲೆಕ್ಕ ಅದಕ್ಕೆ ಹಿಡಿಯುವುದಿಲ್ಲ. ಗಾಜಿನ ತೊಟ್ಟಿಯಲ್ಲಿ ಈಜುವ ಕೆಂಪು ಕಿವಿಯ ಸ್ಲೈಡರ್ ನೀರಿನ ಆಮೆ, ಅದರ ಮೇವಿನ ವಿಚಾರ ಪೂರ್ತಿ ಬೇರೆ.

ಬೆನ್ನಿನ ಮೇಲೆ ಹಳದಿ ನಕ್ಷತ್ರದ ಗೆರೆಗಳಿರುವ ನಮ್ಮ ದೇಶದ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಇಟ್ಟುಕೊಳ್ಳುವುದು ಅಪರಾಧ. ಮನೆಗೆ ಆಮೆ ಬಂದರೆ ಅದೃಷ್ಟ ಎಂಬ ನಂಬಿಕೆಯಿಂದ ಎಷ್ಟೋ ನಕ್ಷತ್ರ ಆಮೆಗಳು ಅಡವಿಯಿಂದ ಮಾಯವಾಗಿವೆ. ಹೊಲದಲ್ಲಿ ಕಂಡರೆ ಅಲ್ಲೇ ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಸಲ್ಕಾಟಾದಂಥ ವಿದೇಶಿ ಆಮೆಯನ್ನು ಇಟ್ಟುಕೊಂಡವರು ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನೋಂದಣಿ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಅದನ್ನು ನೋಂದಾಯಿಸಬೇಕು. ಕೊಳ್ಳುವಾಗಲೇ ಕಾಗದಪತ್ರ ಕೇಳಿ ಪಡೆಯಿರಿ.

ಇನ್ನೊಂದು ಮಾತು. ಅಂಗೈಯಲ್ಲಿ ಕೂರುವ ಸಲ್ಕಾಟಾ ಮರಿ ಮುಂದೆ 40–50 ಕೆಜಿ ತೂಗುವ ಪ್ರಾಣಿಯಾಗುತ್ತದೆ. ಸಂತೆಯ ಸೂಡುಗಳಿಂದ ಅದರ ಹೊಟ್ಟೆ ತುಂಬಿಸಲು ಆಗದು. ಹುಲ್ಲು ಬೆಳೆಯುವ ಜಾಗ ಇದ್ದರೆ ಮಾತ್ರ ಮುಂದುವರಿಯಿರಿ.

ಹುಲ್ಲು ಏಕೆ ಮುಖ್ಯ

ನೆಲದ ಆಮೆ ಮೇವನ್ನು ಕರಗಿಸುವುದು ಹೆಚ್ಚಾಗಿ ದೊಡ್ಡ ಕರುಳಿನಲ್ಲಿ. ಅಲ್ಲಿರುವ ಸೂಕ್ಷ್ಮಾಣುಗಳು ಹುಲ್ಲಿನ ನಾರನ್ನು ನಿಧಾನವಾಗಿ ಹುದುಗಿಸಿ ಶಕ್ತಿಯಾಗಿ ಮಾಡಿಕೊಡುತ್ತವೆ. ಈ ಕೆಲಸಕ್ಕೆ ನಾರು ಬೇಕು, ಬಿಸಿಲಿನ ಕಾವು ಬೇಕು, ಸಮಯ ಬೇಕು. ಮಾವು, ಬಾಳೆ, ದ್ರಾಕ್ಷಿ ತಿನ್ನಿಸಿದರೆ ಸಕ್ಕರೆ ಅಂಶ ಬೇಗ ಹುಳಿತು ಒಳಗಿನ ಸೂಕ್ಷ್ಮಾಣುಗಳ ಸಮತೋಲ ಕೆಡುತ್ತದೆ, ಭೇದಿಯಾಗುತ್ತದೆ, ಹುಳದ ಬಾಧೆಯೂ ಹೆಚ್ಚುತ್ತದೆ. ಅನ್ನ, ರೊಟ್ಟಿ, ಬ್ರೆಡ್ಡಿನ ಪಿಷ್ಟದಿಂದಲೂ ಇದೇ ತೊಂದರೆ. ನಾಯಿ ಬೆಕ್ಕಿನ ಒಣ ಆಹಾರ, ಹಾಲು, ಮೊಟ್ಟೆ ಕೊಡಲೇಬಾರದು. ಅಷ್ಟೊಂದು ಪ್ರೋಟೀನ್ ಹುಲ್ಲು ತಿನ್ನುವ ಆಮೆಯ ಮೂತ್ರಪಿಂಡಕ್ಕೆ ಭಾರ.

ಎರಡನೆಯದು ಸುಣ್ಣಾಂಶದ ಲೆಕ್ಕ. ಮೇವಿನಲ್ಲಿ ರಂಜಕ (ಫಾಸ್ಫರಸ್) ಒಂದು ಪಾಲು ಇದ್ದರೆ ಕ್ಯಾಲ್ಸಿಯಂ ಕನಿಷ್ಠ ಎರಡು ಪಾಲು ಇರಬೇಕು. ಕಾಳು, ಮೊಳಕೆಕಾಳು, ಹಿಟ್ಟುಗಳಲ್ಲಿ ಈ ಲೆಕ್ಕ ತಲೆಕೆಳಗಾಗಿರುತ್ತದೆ. ಪಾಲಕದಲ್ಲಿ ಕ್ಯಾಲ್ಸಿಯಂ ಇದೆ ನಿಜ, ಆದರೆ ಅದರಲ್ಲಿರುವ ಆಕ್ಸಲೇಟ್ ಆ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ.

ಹೆಜ್ಜೆ 1: ಕರಿಕೆಯನ್ನು ಹೊಂದಿಸಿಕೊಳ್ಳಿ

ದೊಡ್ಡ ಆಮೆಯ ತಟ್ಟೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹಸಿ ಅಥವಾ ಒಣ ಹುಲ್ಲು ಇರಬೇಕು. ನಮ್ಮಲ್ಲಿ ಇದಕ್ಕೆ ಕರಿಕೆಗಿಂತ ಒಳ್ಳೆಯದಿಲ್ಲ. ಗಣಪತಿ ಪೂಜೆಗೆ ಏರಿಸುವ ಅದೇ ಕರಿಕೆ. ಒಡ್ಡು, ಬದು, ಹಿತ್ತಲು, ಎಲ್ಲ ಕಡೆ ಸಿಗುತ್ತದೆ. ರಸ್ತೆ ಬದಿಯದು ಬೇಡ. ಹೊಗೆ, ಡೀಸೆಲ್, ನಾಯಿಗಳ ಮೂತ್ರ ಎಲ್ಲ ಅದರ ಮೇಲೆ ಬಿದ್ದಿರುತ್ತವೆ.

ಹೈನದವರು ಬೆಳೆಯುವ ನೇಪಿಯರ್ ಹುಲ್ಲನ್ನು ಆಗೀಗ ಕೊಡಬಹುದು, ಅದನ್ನೇ ನಿತ್ಯದ ಮೇವು ಮಾಡಬೇಡಿ. ಅದರಲ್ಲಿ ಆಕ್ಸಲೇಟ್ ಹೆಚ್ಚು, ಮೇಲಾಗಿ ಯೂರಿಯಾ ಹಾಕಿ ಬೆಳೆದದ್ದಾದರೆ ನೈಟ್ರೇಟ್ ಕೂಡ. ಜೋಳದ ಎಳೆ ಪೈರು ಮಾತ್ರ ಯಾವ ಕಾರಣಕ್ಕೂ ಬೇಡ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಮೇಯ್ದು ದನ ಸತ್ತದ್ದು ಈ ಸೀಮೆಯ ರೈತರಿಗೆ ಗೊತ್ತಿರುವ ಸಂಗತಿ. ಆ ಚಿಗುರಿನಲ್ಲಿ ಸೈನೈಡ್ ಹುಟ್ಟಿಸುವ ವಸ್ತು ಇರುತ್ತದೆ, ಆಮೆಗೂ ಅದು ವಿಷವೇ. ಜೋಳದ ಕಾಳನ್ನು ತಟ್ಟೆಯಲ್ಲಿ ಮೊಳಕೆ ಬರಿಸಿ ಹಸಿರು ಮೇವು ಮಾಡಿ ಕೊಡುವುದೂ ಇದೇ ಕಾರಣಕ್ಕೆ ತಪ್ಪು. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಆ ಭಯ ಕಡಿಮೆ, ಆದರೆ ದಂಟು ಗಟ್ಟಿ. ಅದರ ಒಣ ಎಲೆಯನ್ನಷ್ಟೇ ಹೆಚ್ಚಿ ದೊಡ್ಡ ಆಮೆಗೆ ಕೊಡಬಹುದು.

ಶೇಂಗಾ ಹೊಟ್ಟು, ತೊಗರಿ ಹೊಟ್ಟು ದನಕ್ಕೆ ಸರಿ. ಆಮೆಗೆ ಬೇಡ. ದ್ವಿದಳದ ಪ್ರೋಟೀನ್ ಒಂದು ಕಡೆ, ಬಣವೆಯಲ್ಲಿ ತೇವ ಕೂತು ಬರುವ ಬೂಷ್ಟು ಇನ್ನೊಂದು ಕಡೆ.

ಹೆಜ್ಜೆ 2: ಸಂತೆಯ ಸೊಪ್ಪನ್ನು ಮೂರು ಗುಂಪು ಮಾಡಿ

ಧಾರಾಳವಾಗಿ ಕೊಡುವಂಥದ್ದು ಅಂದರೆ ಮೊದಲ ಹೆಸರು ಹಕ್ಕರಕಿ. ಬಿಸಿ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಈ ಎಲೆ ಸೇವಂತಿಗೆಯ ಕುಟುಂಬದ್ದು, ಬೇರೆ ದೇಶಗಳಲ್ಲಿ ಆಮೆ ಸಾಕುವವರು ಹುಡುಕಿಕೊಂಡು ಹೋಗಿ ತರುವ ಡ್ಯಾಂಡೆಲಿಯನ್ ಗಿಡದ ಹತ್ತಿರದ ಬಂಧು. ನಮಗೆ ಅದು ಸಂತೆಯಲ್ಲೇ ಸಿಗುತ್ತದೆ, ಇದು ಈ ಭಾಗದಲ್ಲಿ ಆಮೆ ಸಾಕಿದವರ ಪುಣ್ಯ. ಹಿಂಗಾರಿ ಹಂಗಾಮಿನಲ್ಲಿ ಹೊಲದಿಂದ ಕಿತ್ತು ತರುವ ಅಜ್ಜಿಯರ ಬುಟ್ಟಿಯಲ್ಲಿ ಇರುತ್ತದೆ. ಕುಂಬಳದ ಎಳೆ ಎಲೆ, ಹೂವು, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಎಲೆ ಕೂಡ ಇದೇ ಗುಂಪು.

ವಾರಕ್ಕೆ ಒಂದೆರಡು ಸಲ ಮಾತ್ರ ಕೊಡುವಂಥದ್ದರಲ್ಲಿ ಮೆಂತೆ, ಕೊತ್ತಂಬರಿ, ನುಗ್ಗಿ ತಪ್ಪಲು, ಗೆಣಸಿನ ಬಳ್ಳಿಯ ಎಲೆ, ಮೂಲಂಗಿ ತಪ್ಪಲು, ಕುದುರೆ ಮೆಂತೆ ಬರುತ್ತವೆ. ಮೆಂತೆ, ನುಗ್ಗಿ, ಕುದುರೆ ಮೆಂತೆಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಆದರೆ ಪ್ರೋಟೀನೂ ಹೆಚ್ಚು. ಒಂದು ಸಲಕ್ಕೆ ಒಂದು ಹಿಡಿ ಸಾಕು. ಬೆಳಗಾವಿ ತಾಲ್ಲೂಕಿನ ಸುತ್ತ ಗೆಣಸು ಕೀಳುವ ಕಾಲದಲ್ಲಿ ಬಳ್ಳಿ ಬಿಟ್ಟಿಯಾಗಿ ಸಿಗುತ್ತದೆ. ಸಿಕ್ಕಿತೆಂದು ತಿಂಗಳಿಡೀ ಅದನ್ನೇ ಹಾಕಬೇಡಿ.

ಅಪರೂಪಕ್ಕೆ, ಅದೂ ಚೂರು ಮಾತ್ರ: ರಾಜಗಿರಿ, ಗೋಳಿ, ಪುಂಡಿ ಪಲ್ಯ, ಬಸಳೆ. ಇವೆಲ್ಲ ಆಕ್ಸಲೇಟ್ ಅಥವಾ ಹುಳಿ ಅಂಶ ಹೆಚ್ಚಿರುವವು. ಪಾಲಕ, ಚುಕ್ಕ ಮತ್ತು ಬೀಟ್‌ರೂಟ್ ಎಲೆಯನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಕೋಸು, ಹೂಕೋಸಿನ ಎಲೆ ನಿತ್ಯ ಕೊಟ್ಟರೆ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸಿಗದಂತಾಗುತ್ತದೆ. ಅದೂ ಅಲ್ಲದೆ ಕೋಸಿಗೆ ಹೊಡೆಯುವಷ್ಟು ಔಷಧಿ ಬೇರೆ ಕಾಯಿಪಲ್ಯಕ್ಕೆ ಹೊಡೆಯುವುದು ಕಡಿಮೆ. ಸೂಪರ್ ಮಾರ್ಕೆಟ್ಟಿನ ಗಟ್ಟಿ ಉಂಡೆಯ ಲೆಟಿಸ್ ಬರೀ ನೀರು. ಸವತಿಕಾಯಿಯೂ ಹಾಗೆಯೇ, ಬೇಸಿಗೆಯಲ್ಲಿ ನೀರಿನಂಶಕ್ಕೆಂದು ಎರಡು ಚಕ್ಕೆ ಕೊಟ್ಟರೆ ತೊಂದರೆ ಇಲ್ಲ. ಗಜ್ಜರಿ ತುರಿ ಬಣ್ಣಕ್ಕೆ, ರುಚಿಗೆ ಚೂರು. ಉಳ್ಳಾಗಡ್ಡಿ, ಬೆಳ್ಳುಳ್ಳಿ ತಪ್ಪಲು, ಟೊಮ್ಯಾಟೊ, ಬದನೆ, ಆಲೂಗಡ್ಡೆ ಗಿಡದ ಎಲೆ ಬೇಡವೇ ಬೇಡ.

ಹೆಜ್ಜೆ 3: ಎಲೆಯ ಊರು ಕೇಳಿ

ಆಮೆಯ ದೇಹ ಚಿಕ್ಕದು, ತಿನ್ನುವುದು ಹಸಿ ಎಲೆಯನ್ನೇ, ಬೇಯಿಸಿ ಅಲ್ಲ. ಮನುಷ್ಯನಿಗೆ ತಡೆಯುವ ಔಷಧಿ ಶೇಷ ಅದಕ್ಕೆ ತಡೆಯುವುದಿಲ್ಲ.

ದ್ರಾಕ್ಷಿ ಎಲೆ ಒಳ್ಳೆಯ ಉದಾಹರಣೆ. ಅದು ಆಮೆಗೆ ಒಳ್ಳೆಯ ಮೇವು ಎಂದು ಎಲ್ಲೆಡೆ ಬರೆದಿರುತ್ತದೆ, ಎಲೆ ಮಟ್ಟಿಗೆ ಅದು ನಿಜ. ವಿಜಯಪುರ, ತಿಕೋಟಾ, ಅಥಣಿ, ಜಮಖಂಡಿ ಕಡೆಯ ತೋಟಗಳಲ್ಲಿ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆದ ಮೇಲೆ ಬೂದಿರೋಗ, ಕೊಳೆರೋಗಕ್ಕೆಂದು ಸಾಲು ಸಾಲಾಗಿ ಸಿಂಪರಣೆ ನಡೆಯುತ್ತದೆ. ಬೋರ್ಡೋ ದ್ರಾವಣದ ತಾಮ್ರ, ಗಂಧಕ, ಒಳಗೆ ಇಳಿಯುವ ಶಿಲೀಂಧ್ರನಾಶಕ, ಬೆಳವಣಿಗೆಯ ಹಾರ್ಮೋನು ಎಲ್ಲವೂ ಆ ಎಲೆಯ ಮೇಲೆಯೇ ಕೂರುತ್ತವೆ. ಚಾಟ್ನಿಯಲ್ಲಿ ಕತ್ತರಿಸಿ ಬಿಟ್ಟ ರಾಶಿ ಎಲೆ ಕಂಡು ಆಸೆಪಡಬೇಡಿ. ಅಂಗಳದ ಚಪ್ಪರಕ್ಕೆ ನೀವೇ ಹಬ್ಬಿಸಿದ, ಏನೂ ಹೊಡೆಯದ ಬಳ್ಳಿಯದಾದರೆ ಮಾತ್ರ ಕೊಡಿ.

ಕಬ್ಬಿನ ಹೊಲದ ಕಸವೂ ಹಾಗೆ. ಮುಧೋಳ, ಗೋಕಾಕ, ಚಿಕ್ಕೋಡಿ ಭಾಗದಲ್ಲಿ ಕಬ್ಬು ನಾಟಿಯಾದ ಮೇಲೆ ಅಟ್ರಾಜಿನ್, 2,4-ಡಿ, ಮೆಟ್ರಿಬುಜಿನ್‌ನಂಥ ಕಳೆನಾಶಕ ಹೊಡೆಯುತ್ತಾರೆ. ಹೊಡೆದ ಕೂಡಲೇ ಕಸ ಬಾಡುವುದಿಲ್ಲ, ಕೆಲವು ದಿನ ಹಸಿರಾಗಿಯೇ ಕಾಣುತ್ತದೆ. ಆ ಹಸಿರನ್ನು ನಂಬಬೇಡಿ. ಹೊಲದವರನ್ನು ಕೇಳದೆ ಕಿತ್ತು ತರಬೇಡಿ.

ರೇಷ್ಮೆ ಬೆಳೆಗಾರರು ಹತ್ತಿರ ಇದ್ದರೆ ಅವರ ಹಿಪ್ಪುನೇರಳೆ ತೋಟ ದೊಡ್ಡ ಆಸ್ತಿ. ಔಷಧಿಯ ಶೇಷ ಉಳಿದರೆ ಅವರ ಹುಳುವೇ ಸಾಯುತ್ತದೆ, ಹಾಗಾಗಿ ಸಿಂಪರಣೆಯನ್ನು ಅವರು ಬಹಳ ಲೆಕ್ಕವಿಟ್ಟು ಮಾಡುತ್ತಾರೆ, ಮಾಡಿದರೂ ದಿನ ಬಿಟ್ಟು ಎಲೆ ಕೊಯ್ಯುತ್ತಾರೆ. ಅವರು ಹುಳುವಿಗೆ ಹಾಕುತ್ತಿರುವ ದಿನವೇ ನೀವೂ ಎಲೆ ಕೇಳಿ.

ಸಂತೆಯಿಂದ ತಂದ ಸೊಪ್ಪನ್ನು ಬೇರು, ಹಳದಿ ಎಲೆ, ಕೊಳೆತ ದಂಟು ತೆಗೆದು ದೊಡ್ಡ ಬುಟ್ಟಿ ನೀರಿನಲ್ಲಿ 10 ನಿಮಿಷ ಮುಳುಗಿಸಿಡಿ. ಆಮೇಲೆ ಇನ್ನೆರಡು ಸಲ ನೀರು ಬದಲಿಸಿ ತೊಳೆಯಿರಿ. ಮೆಂತೆ, ಕೊತ್ತಂಬರಿಯ ಬುಡದಲ್ಲಿ ಮರಳು ಕೂತಿರುತ್ತದೆ, ಅದು ಹೋಗಲೇಬೇಕು. ತೊಳೆದರೆ ಮೇಲಿನದ್ದು ಹೋಗುತ್ತದೆ, ಗಿಡದ ಒಳಗೆ ಇಳಿದ ಔಷಧಿ ಹೋಗುವುದಿಲ್ಲ. ಮನೆಯಲ್ಲಿ ಬೆಳೆಯಿರಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ನೀರು ಸೋರಿಸಿ, ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಕೊಡುವ ಮುಂಚೆ ಅರ್ಧ ಗಂಟೆ ಹೊರಗೆ ತೆಗೆದಿಡಿ.

ಹೆಜ್ಜೆ 4: ಹಿತ್ತಲಲ್ಲಿ, ಮಾಳಿಗೆಯಲ್ಲಿ ಬೆಳೆಯುವುದು

ಎರೆ ಮಣ್ಣು ಫಲವತ್ತಾದದ್ದೇ, ಆದರೆ ಪಾತಿಗೆ, ಕುಂಡಕ್ಕೆ ಹಾಗೇ ತುಂಬಿದರೆ ಮಳೆಯಲ್ಲಿ ನೀರು ಹಿಡಿದು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಎರಡು ಪಾಲು ಎರೆ ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ಗೊಬ್ಬರ ಹಿಡಿದರೆ ಪುಡಿಯಾಗಬೇಕು, ಸಗಣಿಯ ವಾಸನೆ ಬರಬಾರದು. ಯೂರಿಯಾ, ಡಿಎಪಿ ಹಾಕಬೇಡಿ.

ಕರಿಕೆ ಪಾತಿ: ಹಬ್ಬಿದ ಬಳ್ಳಿಯನ್ನು ಮೂರು ನಾಲ್ಕು ಗಿಣ್ಣು ಬರುವಂತೆ ಕತ್ತರಿಸಿ, 15 ಸೆಂಮೀ ಅಂತರದಲ್ಲಿ ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಊರಿ. ಮೊದಲ 10 ದಿನ ನಿತ್ಯ ನೀರು, ಆಮೇಲೆ ದಿನ ಬಿಟ್ಟು ದಿನ. ಮುಂಗಾರಿನಲ್ಲಿ ನೆಟ್ಟರೆ ಒಂದೂವರೆ ತಿಂಗಳಲ್ಲಿ ಪಾತಿ ಮುಚ್ಚುತ್ತದೆ. ಹುಲ್ಲು 12 ಸೆಂಮೀ ಆದಾಗ ನೆಲದಿಂದ 4 ಸೆಂಮೀ ಬಿಟ್ಟು ಕೊಯ್ಯಿರಿ, ಬುಡಕ್ಕೇ ಕೊಯ್ದರೆ ಬೇಸಿಗೆಯಲ್ಲಿ ಮತ್ತೆ ಚಿಗುರಲು ಬಹಳ ತಡವಾಗುತ್ತದೆ. ಪಾತಿಯನ್ನು ಎರಡು ಭಾಗ ಮಾಡಿ ನಡುವೆ ಬೇಲಿ ಹಾಕಿ. ಒಂದರಲ್ಲಿ ಆಮೆ ಮೇಯುತ್ತಿರಲಿ, ಇನ್ನೊಂದು ಮೂರು ವಾರ ಸುಧಾರಿಸಿಕೊಳ್ಳಲಿ. ಒಂದೇ ಪಾತಿಯಲ್ಲಿ ಬಿಟ್ಟರೆ ಅದು ಬೇರು ಸಮೇತ ಕಿತ್ತು ಹಾಕುತ್ತದೆ, ಹಿಕ್ಕೆಯೂ ಅಲ್ಲೇ ಬಿದ್ದು ಹುಳದ ಮೊಟ್ಟೆ ಮತ್ತೆ ಹೊಟ್ಟೆಗೆ ಹೋಗುತ್ತದೆ. ಮಾಳಿಗೆಯ ಮೇಲಾದರೆ 20 ಸೆಂಮೀ ಆಳದ ಅಗಲ ಪುಟ್ಟಿ ಸಾಕು, ಅಡಿಯಲ್ಲಿ ತೂತು ಇರಲಿ.

ಮೆಂತೆ, ಕೊತ್ತಂಬರಿಗೆ ಬೀಜದ ಅಂಗಡಿಗೆ ಹೋಗಬೇಡಿ. ಅಲ್ಲಿನ ಬೀಜಕ್ಕೆ ಕೆಂಪು, ಗುಲಾಬಿ, ಹಸಿರು ಬಣ್ಣ ಹಚ್ಚಿದ್ದರೆ ಅದು ಶಿಲೀಂಧ್ರನಾಶಕ ಅಥವಾ ಕೀಟನಾಶಕದ ಲೇಪ ಎಂಬ ಎಚ್ಚರಿಕೆ. ಕಿರಾಣಿ ಅಂಗಡಿಯ ಮೆಂತೆಕಾಳು ರಾತ್ರಿ ನೆನೆಹಾಕಿ ಚೆಲ್ಲಿದರೆ ನಾಲ್ಕೈದು ದಿನಕ್ಕೆ ಹುಟ್ಟಿ 25–30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಕೊತ್ತಂಬರಿ ಬೀಜವನ್ನು ಒನಕೆಯಿಂದ ಹಗುರವಾಗಿ ಎರಡು ಹೋಳಾಗುವಂತೆ ಒತ್ತಿ ಹಾಕಿ. 10–15 ದಿನಕ್ಕೊಮ್ಮೆ ಒಂದೊಂದು ಪುಟ್ಟಿ ಬಿತ್ತುತ್ತಾ ಹೋದರೆ ಸೂಡು ಕೊಳ್ಳುವುದೇ ತಪ್ಪುತ್ತದೆ. ಅಡುಗೆಯ ಗೋಧಿಯನ್ನೂ ತಟ್ಟೆಯಲ್ಲಿ ಬೆಳೆಸಿ, ಒಂದು ಗೇಣು ಬಂದಾಗ ಎಳೆ ಹುಲ್ಲಾಗಿ ಕೊಯ್ದು ಕೊಡಬಹುದು. ಕಾಳು ಸಮೇತ ಬೇಡ.

ಹಕ್ಕರಕಿಗೆ ಹೂವಾಗಿ ಬಿಳಿ ನವಿರಿನ ಬೀಜ ಬಿಡುವವರೆಗೆ ಹೊಲದ ಅಂಚಿನ ಒಂದೆರಡು ಗಿಡ ಗುರುತಿಟ್ಟುಕೊಳ್ಳಿ. ಬೀಜ ಗಾಳಿಗೆ ಹಾರುವ ಮುಂಚೆ ಕಾಗದದ ಚೀಲ ಕಟ್ಟಿ ಹಿಡಿಯಿರಿ. ಅಕ್ಟೋಬರ್ ಸುಮಾರಿಗೆ ಮಣ್ಣಿನ ಮೇಲೆ ಚೆಲ್ಲಿ, ಬೆರಳಿನಿಂದ ಹಗುರವಾಗಿ ಒತ್ತಿ, ಆಳಕ್ಕೆ ಹೂಳಬೇಡಿ. ಹೊರಗಿನ ಎಲೆ ಮಾತ್ರ ಕಿತ್ತರೆ ಒಂದೇ ಗಿಡದಿಂದ ಹಲವು ಸಲ ಎಲೆ ಬರುತ್ತದೆ.

ಹಿಪ್ಪುನೇರಳೆಯ ಪೆನ್ಸಿಲ್ ದಪ್ಪದ, 15–20 ಸೆಂಮೀ ಉದ್ದದ, ಮೂರು ನಾಲ್ಕು ಕಣ್ಣಿರುವ ಕಡ್ಡಿ ಜೂನ್‌ನಲ್ಲಿ ಊರಿದರೆ ಆರು ತಿಂಗಳೊಳಗೆ ಎಲೆ ಕೀಳಲು ಶುರು ಮಾಡಬಹುದು. ದಾಸವಾಳವನ್ನು ನರ್ಸರಿಯಿಂದ ತಂದರೆ ತಕ್ಷಣ ಕೊಡಬೇಡಿ. ಬಿಳಿ ಹಿಟ್ಟುತಿಗಣೆಗೆಂದು ಅದರ ಬುಡಕ್ಕೆ ಹಾಕಿದ ಔಷಧಿ ಎಲೆಯಲ್ಲಿ ತಿಂಗಳುಗಟ್ಟಲೆ ಉಳಿಯಬಹುದು. ಕುಂಡ, ಮಣ್ಣು ಬದಲಿಸಿ, ಒಮ್ಮೆ ಪೂರ್ತಿ ಚಾಟ್ನಿ ಮಾಡಿ, ಆರು ತಿಂಗಳ ನಂತರದ ಹೊಸ ಚಿಗುರನ್ನು ಮಾತ್ರ ಬಳಸಿ. ನಿಮ್ಮ ಗಿಡಕ್ಕೆ ತಿಗಣೆ ಬಂದರೆ ಜೋರಾಗಿ ನೀರು ಹಾಯಿಸಿ ತೊಳೆಯಿರಿ, ಮುತ್ತಿದ ಕೊಂಬೆ ಕತ್ತರಿಸಿ ಸುಟ್ಟುಹಾಕಿ.

ಹೆಜ್ಜೆ 5: ಪಾಪಾಸುಕಳ್ಳಿ, ಬೇಸಿಗೆಯ ಆಧಾರ

ಮಾರ್ಚ್‌ನಿಂದ ಮೇ ತಿಂಗಳವರೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಸಂತೆಯಲ್ಲಿ ಸೊಪ್ಪು ದುಬಾರಿಯೂ ಬಾಡಿದ್ದೂ ಆಗಿರುತ್ತದೆ. ಆಗ ಬೇಲಿಯ ಪಾಪಾಸುಕಳ್ಳಿಯೇ ದಿಕ್ಕು. ಅದರ ಹಸಿರು ಹಾಳೆಯಲ್ಲಿ ನಾರು, ನೀರು, ಕ್ಯಾಲ್ಸಿಯಂ ಮೂರೂ ಇವೆ.

ಗುರುತು ತಪ್ಪಬಾರದು. ಪಾಪಾಸುಕಳ್ಳಿಯ ಹಾಳೆ ಅಂಗೈ ಅಗಲ ಚಪ್ಪಟೆ, ಚಿವುಟಿದರೆ ಲೋಳೆ ಬರುತ್ತದೆ. ಚಿವುಟಿದಾಗ ಬಿಳಿ ಹಾಲು ಬಂದರೆ ಅದು ಮುಂಡಗಳ್ಳಿ, ಕೊಂಬುಗಳ್ಳಿಯ ಜಾತಿ. ಆ ಹಾಲು ಬಾಯಿ, ಕಣ್ಣು, ಕರುಳು ಸುಡುತ್ತದೆ.

ಎಳೆಯದೂ ಅಲ್ಲದ, ಒಣಗಿದ್ದೂ ಅಲ್ಲದ ಹಾಳೆಯನ್ನು ಇಕ್ಕಳದಲ್ಲಿ ಹಿಡಿದು ಕೀಲಿನ ಹತ್ತಿರ ಕತ್ತರಿಸಿ. ಬೆಳಗ್ಗೆ ಬೇಗ ಕತ್ತರಿಸಿದ್ದು ಹುಳಿ ಹೆಚ್ಚಿರುತ್ತದೆ, ಮಧ್ಯಾಹ್ನದ ಮೇಲೆ ಕತ್ತರಿಸಿ. ಗ್ಯಾಸ್ ಒಲೆಯ ಉರಿಯ ಮೇಲೆ ಇಕ್ಕಳದಲ್ಲೇ ಹಿಡಿದು ನಿಧಾನವಾಗಿ ತಿರುಗಿಸಿ. ದೊಡ್ಡ ಮುಳ್ಳು ಮೊದಲು ಹೊತ್ತಿ ಕರಕಾಗುತ್ತದೆ, ಅದನ್ನು ನೋಡಿ ಮುಗಿಯಿತು ಅಂದುಕೊಳ್ಳಬಾರದು. ಮುಳ್ಳಿನ ಬುಡದ ಕಂದು ಚುಕ್ಕೆಯಲ್ಲಿ ಕಣ್ಣಿಗೆ ಸರಿಯಾಗಿ ಕಾಣದ ನೂರಾರು ಸಣ್ಣ ಸೂಜಿಗಳಿರುತ್ತವೆ. ಚುಕ್ಕೆ ಚಟಪಟ ಸಿಡಿದು, ಕೆಂಪಾಗಿ, ಕಪ್ಪಾಗುವವರೆಗೆ ಒಂದೊಂದರ ಮೇಲೂ ಉರಿ ನಿಲ್ಲಬೇಕು. ಅಂಚಿನ ಸಾಲನ್ನು ಮರೆಯುವವರೇ ಹೆಚ್ಚು, ಅಲ್ಲಿ ಸೂಜಿ ದಟ್ಟವಾಗಿರುತ್ತದೆ. ಆರಿದ ಮೇಲೆ ಒರಟು ಬ್ರಷ್‌ನಿಂದ ನೀರಿನಲ್ಲಿ ಉಜ್ಜಿ, ಕರಕಾದ ಪ್ರತಿ ಚುಕ್ಕೆಯನ್ನು ಚಾಕುವಿನ ತುದಿಯಿಂದ ಕೆತ್ತಿ ತೆಗೆಯಿರಿ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮರಿಗೆ ಹೆಬ್ಬೆರಳ ಗಾತ್ರದ ತುಂಡು, ದೊಡ್ಡದಕ್ಕೆ ಅರ್ಧ ಹಾಳೆ, ವಾರಕ್ಕೆ ಎರಡು ಮೂರು ಸಲ. ಒಂದೇ ದಿನ ಹೆಚ್ಚು ಕೊಟ್ಟರೆ ಹಿಕ್ಕೆ ತೆಳ್ಳಗಾಗುತ್ತದೆ.

ನೆಡುವುದು ಸುಲಭ. ಹಾಳೆಯನ್ನು ನೆರಳಲ್ಲಿ ಒಂದು ವಾರ ಇಟ್ಟು ಕತ್ತರಿಸಿದ ಬಾಯಿ ಒಣಗಲು ಬಿಡಿ, ಆಮೇಲೆ ಮೂರರಲ್ಲಿ ಒಂದು ಪಾಲು ಮಣ್ಣೊಳಗೆ ಇರುವಂತೆ ನಿಲ್ಲಿಸಿ. ಬೇರು ಬರುವವರೆಗೆ ನೀರು ತೀರ ಕಡಿಮೆ.

ಹೆಜ್ಜೆ 6: ತಟ್ಟೆ ಹಾಕುವ ಕ್ರಮ

ಬೆಳಗ್ಗೆ ಬಿಸಿಲೇರಿದ ಮೇಲೆ, ಎಂಟರಿಂದ ಒಂಬತ್ತರ ಹೊತ್ತಿಗೆ, ಆಮೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ 15–20 ನಿಮಿಷ ಬಿಡಿ. ನೀರು ಅದರ ಗದ್ದದವರೆಗೆ ಮಾತ್ರ. ಮರಿಗೆ ದಿನಾ, ದೊಡ್ಡದಕ್ಕೆ ವಾರಕ್ಕೆ ಎರಡು ಸಲ, ವಿಜಯಪುರದ ಬೇಸಿಗೆಯಲ್ಲಿ ಇನ್ನೂ ಹೆಚ್ಚು. 2003ರಲ್ಲಿ ವಿಯೆನ್ನಾದಲ್ಲಿ ಸಲ್ಕಾಟಾ ಮರಿಗಳ ಮೇಲೆ ನಡೆದ ಅಧ್ಯಯನದಲ್ಲಿ ಚಿಪ್ಪು ಗೋಪುರದಂತೆ ಏಳಲು ಮೇವಿನ ಪ್ರೋಟೀನಿಗಿಂತ ಸುತ್ತಲಿನ ಗಾಳಿಯ ಒಣಗೇ ದೊಡ್ಡ ಕಾರಣ ಎಂದು ಕಂಡುಬಂದಿದೆ. ನಮ್ಮ ಒಣ ಹವೆಯಲ್ಲಿ ಮರಿ ಸಾಕುವವರು ಇದನ್ನು ನೆನಪಿಡಬೇಕು. ಮೇವು ಎಷ್ಟೇ ಸರಿಯಿದ್ದರೂ ಮರಿ ಮಲಗುವ ಗೂಡಿನಲ್ಲಿ ತೇವ ಇಲ್ಲದಿದ್ದರೆ ಚಿಪ್ಪು ಕೆಡುತ್ತದೆ.

ಮೇವನ್ನು ಮಣ್ಣು, ಮರಳಿನ ಮೇಲೆ ಹಾಕಬೇಡಿ. ಎಲೆಗೆ ಅಂಟಿದ ಮರಳು ಕರುಳಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಒಂದು ಪರಸಿ ಕಲ್ಲು ಇಡಿ, ಒರಟು ಮುಖ ಮೇಲಿರಲಿ. ಅದರ ಮೇಲೆ ಕಚ್ಚಿ ತಿನ್ನುತ್ತಾ ಕೊಕ್ಕಿನ ಅಂಚು ತಾನಾಗಿ ಸವೆಯುತ್ತದೆ.

ಅಂಗೈ ಗಾತ್ರದ ಮರಿಗೆ ಒಂದು ದಿನದ ತಟ್ಟೆ ಹೀಗಿರಲಿ: 1 ಸೆಂಮೀ ಉದ್ದಕ್ಕೆ ಹೆಚ್ಚಿದ ಎಳೆ ಕರಿಕೆ ಒಂದು ಹಿಡಿ, ಹಕ್ಕರಕಿ ಅಥವಾ ದಾಸವಾಳದ ಎಲೆ ಅರ್ಧ ಹಿಡಿ, ಮೇಲೊಂದು ಹೂವು. ಎಲ್ಲ ಸೇರಿ ಸಡಿಲವಾಗಿ ಗುಡ್ಡೆ ಹಾಕಿದರೆ ಅದರ ಚಿಪ್ಪಿನಷ್ಟಾಗಬೇಕು. ಮರಿಗಳು ಮೊದಲು ಹುಲ್ಲು ಬಿಟ್ಟು ಎಲೆ ಆರಿಸುತ್ತವೆ, ಸಣ್ಣಗೆ ಹೆಚ್ಚಿ ಬೆರೆಸಿದರೆ ಆರಿಸಲು ಬರುವುದಿಲ್ಲ. ದೊಡ್ಡದಕ್ಕೆ ಹೆಚ್ಚುವ ಅಗತ್ಯವಿಲ್ಲ. ಹುಲ್ಲು ದಿನವಿಡೀ ಸಿಗುವಂತಿರಲಿ, ಸೊಪ್ಪು ಒಂದು ಹೊತ್ತು ಸಾಕು. ಸಂಜೆ ಉಳಿದ ಬಾಡಿದ ಎಲೆ ತೆಗೆದುಹಾಕಿ. ಕತ್ತಲಾಗುವ ಹೊತ್ತಿಗೆ ತಿಂದದ್ದು ತಂಪಿನಲ್ಲಿ ಕರಗದೆ ಉಳಿಯುತ್ತದೆ.

ಈಗಾಗಲೇ ಸವತಿಕಾಯಿ, ಪಾಲಕಕ್ಕೆ ಅಂಟಿಕೊಂಡ ಆಮೆಯನ್ನು ಒಂದೇ ದಿನಕ್ಕೆ ಬದಲಿಸಲು ಆಗದು. ಮೊದಲ ವಾರ ಅದರ ಹಳೆಯ ಮೇವಿಗೆ ಹತ್ತರಲ್ಲಿ ಒಂದು ಪಾಲು ಸಣ್ಣಗೆ ಹೆಚ್ಚಿದ ಕರಿಕೆ ಬೆರೆಸಿ. ಒಣ ಹುಲ್ಲಾದರೆ ಬಿಸಿ ನೀರಿನಲ್ಲಿ 10 ನಿಮಿಷ ನೆನೆಸಿ ಹಿಂಡಿ ಬೆರೆಸಿ. ಎರಡನೆಯ ವಾರ ಮೂರು ಪಾಲು, ಮೂರನೆಯ ವಾರ ಅರ್ಧ, ಐದಾರು ವಾರಕ್ಕೆ ಮುಕ್ಕಾಲು ಪಾಲಿಗೆ ಬನ್ನಿ. ನಡುವೆ ಒಂದೆರಡು ದಿನ ಮುಖ ತಿರುಗಿಸಿದರೆ ಗಾಬರಿಯಾಗಿ ಹಳೆಯದಕ್ಕೆ ಮರಳಬೇಡಿ. ಚುರುಕಾಗಿ ಓಡಾಡುತ್ತಿದ್ದರೆ ಹಸಿವಾದಾಗ ತಿನ್ನುತ್ತದೆ. ಮರಿಯಾದರೆ, ಅಥವಾ ತೂಕ ಇಳಿಯುತ್ತಿದ್ದರೆ, ನಿಧಾನ ಮಾಡಿ.

ಹೆಜ್ಜೆ 7: ಕ್ಯಾಲ್ಸಿಯಂ

ಬೆಳೆಯುವ ಮರಿಗೆ ವಾರಕ್ಕೆ ಮೂರು ಸಲ, ದೊಡ್ಡದಕ್ಕೆ ಒಂದು ಸಲ, ರಂಜಕ ಇಲ್ಲದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ಒಂದು ಚಿಟಿಕೆ ಒದ್ದೆ ಎಲೆಯ ಮೇಲೆ ಉದುರಿಸಿ. ಮೊಟ್ಟೆಯ ಚಿಪ್ಪನ್ನು 10 ನಿಮಿಷ ಕುದಿಸಿ, ಒಳಗಿನ ಪೊರೆ ತೆಗೆದು, ಒಣಗಿಸಿ, ನುಣ್ಣಗೆ ಪುಡಿ ಮಾಡಿದರೆ ಅದೂ ಇದೇ ವಸ್ತು. ಹಕ್ಕಿ ಸಾಕುವವರ ಅಂಗಡಿಯ ಕಟಲ್ ಬೋನ್ (ಕಟಲ್ ಮೀನಿನ ಒಳಗಿನ ಸುಣ್ಣದ ಚಿಪ್ಪು) ಒಂದು ತುಂಡು ಮೂಲೆಯಲ್ಲಿಟ್ಟರೆ ಬೇಕಾದಾಗ ಕಚ್ಚಿಕೊಳ್ಳುತ್ತದೆ. ಎಲೆ ಅಡಕೆಗೆ ಹಚ್ಚುವ ಸುಣ್ಣ ಮಾತ್ರ ಎಂದೂ ಹಾಕಬೇಡಿ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಬಾಯಿ ಮತ್ತು ಅನ್ನನಾಳವನ್ನು ಸುಡುತ್ತದೆ. ಗೊಬ್ಬರದ ಅಂಗಡಿಯ ಎಲುಬಿನ ಪುಡಿಯೂ ಬೇಡ.

ಕೊಟ್ಟ ಕ್ಯಾಲ್ಸಿಯಂ ಎಲುಬಿಗೆ ಸೇರಲು ವಿಟಮಿನ್ ಡಿ3 ಬೇಕು, ಅದು ನೇರ ಬಿಸಿಲಿನಿಂದ ಮೈಯಲ್ಲೇ ತಯಾರಾಗುತ್ತದೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಈ ಕೆಲಸಕ್ಕೆ ಬರುವುದಿಲ್ಲ.

ಹಿತ್ತಲಲ್ಲಿ ಇರಬಾರದ ಗಿಡಗಳು

ಆಮೆ ಓಡಾಡುವ ಜಾಗದಿಂದ ಕಾಂಗ್ರೆಸ್ ಕಸ, ಕಣಗಿಲ, ಎಕ್ಕೆ, ದತ್ತೂರಿ, ಔಡಲ, ಲಂಟಾನ, ಕಾಲುವೆ ಬದಿಯ ಬೇಶರಮ್ ಗಿಡವನ್ನು ಬೇರು ಸಮೇತ ತೆಗೆಯಿರಿ. ಕುಂಡದ ಮನಿ ಪ್ಲಾಂಟ್, ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿದ್ದು ಬಾಯಿ, ನಾಲಿಗೆ ಊದುತ್ತದೆ. ಪೂಜೆಗೆ ಏರಿಸಿದ ಸಂತೆಯ ಹೂವುಗಳನ್ನು ಮರುದಿನ ಆಮೆಗೆ ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ಅವು ಔಷಧಿ ಹೊಡೆದು ಬೆಳೆದ ಹೂವು, ಕುಂಕುಮ ಅರಿಶಿನವೂ ಅಂಟಿರುತ್ತದೆ. ಅದನ್ನು ಬಿಡಿಸಿ.

ಮಳೆಗಾಲ, ಚಳಿಗಾಲ

ಬೆಳಗಾವಿಯ ಜೂನ್‌–ಸೆಪ್ಟೆಂಬರ್ ಮೋಡ, ಜಿಟಿ ಮಳೆ, ತಂಪು ಸಲ್ಕಾಟಾಗೆ ಅತ್ಯಂತ ಕಷ್ಟದ ಕಾಲ. ಮೈ ಬೆಚ್ಚಗಾಗದಿದ್ದರೆ ಮೇವು ಕರಗುವುದಿಲ್ಲ. ಒಳಗೆ ಒಂದು ತುದಿಯಲ್ಲಿ 35 ಡಿಗ್ರಿ ಸಿಗುವಂತೆ ಕಾಯಿಸುವ ಬಲ್ಬು, ಜೊತೆಗೆ ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ಯುವಿಬಿ ಟ್ಯೂಬು ಹಾಕಿ, ಇನ್ನೊಂದು ತುದಿ ತಂಪಾಗಿರಲಿ. ಕರೆಂಟು ಹೋಗಿ ದಿನವಿಡೀ ತಂಪಾಗಿದ್ದರೆ ಅಂದು ಮೇವು ಕಡಿಮೆ ಮಾಡಿ. ಮಳೆಯಲ್ಲಿ ನೆನೆದ ಹುಲ್ಲನ್ನು ರಾಶಿ ಹಾಕಿಡಬೇಡಿ, ಒಂದೇ ರಾತ್ರಿಗೆ ಒಳಗೆ ಬಿಸಿಯೇರಿ ಬೂಷ್ಟು ಬರುತ್ತದೆ.

ಅಕ್ಟೋಬರ್‌–ನವೆಂಬರ್‌ನಲ್ಲಿ ಕರಿಕೆ ಸೊಂಪಾಗಿರುತ್ತದೆ, ಬೇಸಿಗೆಗೆ ಒಣಹುಲ್ಲು ಮಾಡಿಕೊಳ್ಳುವ ಕಾಲ ಇದೇ. ಹೂ ಬಿಡುವ ಮುಂಚೆ ಕೊಯ್ದು, ಮಾಳಿಗೆಯ ಮೇಲೆ ನೆರಳಿನಲ್ಲಿ ತೆಳ್ಳಗೆ ಹರವಿ, ದಿನಕ್ಕೆರಡು ಸಲ ತಿರುವಿ. ಮೂರು ನಾಲ್ಕು ದಿನಕ್ಕೆ ಹಿಡಿದರೆ ಸದ್ದು ಬರುವಷ್ಟು ಒಣಗಬೇಕು, ಹಸಿರು ಬಣ್ಣ ಉಳಿದಿರಬೇಕು. ಗಾಳಿಯಾಡುವ ಗೋಣಿಚೀಲದಲ್ಲಿ ತುಂಬಿ ನೆಲದಿಂದ ಮೇಲೆ ಇಡಿ, ಪ್ಲಾಸ್ಟಿಕ್ ಚೀಲ ಬೇಡ.

ಏನೋ ಸರಿಯಿಲ್ಲ ಎಂದು ತಿಳಿಯುವುದು ಹೇಗೆ

ಹಿಕ್ಕೆ ನೋಡುವುದು ನಿತ್ಯದ ಕೆಲಸವಾಗಲಿ. ಗಟ್ಟಿಯಾಗಿ, ಕಂದು ಹಸಿರಾಗಿ, ಒಡೆದರೆ ಹುಲ್ಲಿನ ನಾರು ಕಾಣುವಂತಿದ್ದರೆ ಎಲ್ಲ ಸರಿ. ನೀರಾಗಿದ್ದರೆ ಎರಡು ದಿನ ಹುಲ್ಲು ಮಾತ್ರ ಕೊಡಿ, ನಿಲ್ಲದಿದ್ದರೆ ಅಥವಾ ಹುಳ ಕಂಡರೆ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಪಶುವೈದ್ಯರಿಗೆ ಒಯ್ಯಿರಿ. ಮೂತ್ರದ ಜೊತೆ ಬರುವ ಬಿಳಿ ಮುದ್ದೆ ಮೆತ್ತಗಿದ್ದರೆ ಸಹಜ. ಬೆರಳಲ್ಲಿ ಹಿಸುಕಿದಾಗ ಮರಳಿನಂತೆ ಕಲ್ಲುಕಲ್ಲಾಗಿ ಸಿಕ್ಕರೆ ನೀರು ಸಾಲುತ್ತಿಲ್ಲ ಎಂದರ್ಥ, ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ. ಆ ದಿನದಿಂದಲೇ ನಿತ್ಯ ನೀರಿನಲ್ಲಿ ಬಿಡಿ, ಎಲೆಯನ್ನು ಒದ್ದೆಯಾಗಿಯೇ ಕೊಡಿ.

ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಹಗುರವಾಗಿ ಒತ್ತಿದರೆ ಬಾಗಬಾರದು. ತೀರ ಸಣ್ಣ ಮರಿಯಲ್ಲಿ ಸ್ವಲ್ಪ ಮೆತ್ತಗಿರುವುದುಂಟು, ವರ್ಷ ದಾಟಿದ್ದರಲ್ಲಿ ಬಾಗಿದರೆ ಕ್ಯಾಲ್ಸಿಯಂ, ಬಿಸಿಲು ಎರಡೂ ಕಡಿಮೆಯಾಗಿವೆ, ತಡಮಾಡದೆ ವೈದ್ಯರಿಗೆ ತೋರಿಸಿ. ಮೇಲಿನ ಕೊಕ್ಕು ಗಿಣಿಯದರಂತೆ ಇಳಿಬಿದ್ದರೆ ಮೇವು ಬರೀ ಮೆತ್ತಗಿನದು ಎಂದು ತಿಳಿಯಿರಿ. ಅದನ್ನು ಮನೆಯಲ್ಲಿ ಕತ್ತರಿಸಲು ಹೋಗಬೇಡಿ. ಮರಿಯನ್ನು ವಾರಕ್ಕೊಮ್ಮೆ ಒಂದೇ ದಿನ, ನೀರಿಗೆ ಬಿಡುವ ಮುಂಚೆ ತೂಗಿ ಬರೆದಿಡಿ. ನಿಧಾನವಾಗಿ ಏರುತ್ತಿರಬೇಕು. ಎರಡು ವಾರ ಸತತ ಇಳಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ ಮೇವು ಬದಲಿಸುತ್ತಾ ಕೂರಬೇಡಿ. ಎಲ್ಲ ಪಶುವೈದ್ಯರೂ ಸರೀಸೃಪಗಳನ್ನು ನೋಡುವುದಿಲ್ಲ, ಹಾಗಾಗಿ ಆಮೆ ಆರೋಗ್ಯವಾಗಿರುವಾಗಲೇ ನೋಡುವವರು ಯಾರೆಂದು ವಿಚಾರಿಸಿ ನಂಬರ್ ಇಟ್ಟುಕೊಳ್ಳಿ. ಹೋಗುವಾಗ ತೂಕದ ಪಟ್ಟಿ, ತಿನ್ನಿಸಿದ ಎಲೆಗಳ ಫೋಟೊ, ಅದೇ ದಿನದ ಹಿಕ್ಕೆ ಜೊತೆಗಿರಲಿ.

ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಇರುವುದು ಸಾಮಾನ್ಯ. ಮುಟ್ಟಿದ ಮೇಲೆ, ತಟ್ಟೆ ತೊಳೆದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಅದರ ಪುಟ್ಟಿ, ಕಲ್ಲು, ಚಾಕುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಹಿತ್ತಲ ನಳದ ಕೆಳಗೆ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳಿಗೆ ಆಮೆಯನ್ನು ಮುಟ್ಟಲು, ಎಲೆ ತಿನ್ನಿಸಲು ಬಿಡಬೇಡಿ. ಅದಕ್ಕಿಂತ ದೊಡ್ಡ ಮಕ್ಕಳು ತಿನ್ನಿಸುವಾಗ ದೊಡ್ಡವರು ಪಕ್ಕದಲ್ಲಿದ್ದು, ಕೂಡಲೇ ಅವರ ಕೈ ತೊಳೆಸಿ.